‘ಎಸ್‌ಟಿ’ ಅಂತ ಬರೆದು ಪುಟ ತಿರುವಬೇಡಿ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ಮತ್ತು ಪರಿಶಿಷ್ಟ ಪಂಗಡಗಳ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ನಾನು ಮೈಸೂರು, ಕೊಡಗು, ಚಾಮರಾಜನಗರ ಕಡೆಯ ಕಾಡಂಚಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ 26 ವರ್ಷ ನರ್ಸ್ ಆಗಿದ್ದವಳು. ಈಗ ನಿವೃತ್ತಿಯಾಗಿದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿ ಇರುವವರು ಈಗಲೂ ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದಾರೆ, ಅವರ ಮೇಲೆ ನನಗೆ ದೂರಿಲ್ಲ. ನಾನು ಬರೆಯುತ್ತಿರುವುದು ಒಂದು ಪುಸ್ತಕದ ಬಗ್ಗೆ.

ಒಳರೋಗಿ ರಿಜಿಸ್ಟರ್. ನೀವು ಆಸ್ಪತ್ರೆಗೆ ಭೇಟಿ ಕೊಟ್ಟಾಗ ಡ್ಯೂಟಿ ರೂಮಿನ ಮೇಜಿನ ಮೇಲೆ ನೋಡಿರುತ್ತೀರಿ. ಉದ್ದನೆಯದು, ದಪ್ಪ ರಟ್ಟು, ಬೆನ್ನಿಗೆ ಕೆಂಪು ಬಟ್ಟೆ. ಐಪಿ ನಂಬರ್, ಹೆಸರು, ವಯಸ್ಸು, ಊರು, ಜಾತಿ, ಕಾಯಿಲೆ, ಸೇರಿದ ದಿನ, ಬಿಟ್ಟ ದಿನ. ಕೊನೆಯಲ್ಲಿ ಏನಾಯಿತು ಅಂತ ಒಂದು ಕಾಲಂ. ಜಾತಿಯ ಕಾಲಂ ಬೆರಳಗಲ. ಅದರಲ್ಲಿ ಹಿಡಿಸುವುದು ‘ಎಸ್‌ಸಿ’, ‘ಎಸ್‌ಟಿ’, ‘ಇತರೆ’ ಅಷ್ಟೇ. ಊರಿನ ಕಾಲಂನಲ್ಲಿ ನಾವು ಹಾಡಿಯ, ಅಂದರೆ ಕಾಡಿನ ಆದಿವಾಸಿಗಳು ಇರುವ ಕೇರಿಯ ಹೆಸರು ಬರೆಯುತ್ತಿರಲಿಲ್ಲ. ಹತ್ತಿರದ ಪಂಚಾಯ್ತಿ ಊರಿನ ಹೆಸರು ಹಾಕುತ್ತಿದ್ದೆವು. ಎಲ್ಲರಿಗೂ ಗೊತ್ತಿರುವ ಹೆಸರು, ಬೇಗ ಕೆಲಸ ಆಗುತ್ತೆ ಅಂತ. ಸಾವಿರಾರು ಸಲ ನಾನೇ ನನ್ನ ಕೈಯಾರೆ ಹಾಗೆ ಬರೆದಿದ್ದೇನೆ. ಅದು ತಪ್ಪು ಅಂತ ನನಗೆ ಹೊಳೆದದ್ದು ಒಂದು ಮಗುವಿನಿಂದ.

ಆಷಾಢದ ಮಳೆ. ರಾತ್ರಿ 2 ಗಂಟೆ ದಾಟಿತ್ತು. ಗೂಡ್ಸ್ ಆಟೋದ ಹಿಂದೆ ಟಾರ್ಪಾಲಿನ ಕೆಳಗೆ ಕೂತು ಒಬ್ಬ ತಾಯಿ ಬಂದಳು. ಜೇನುಕುರುಬರ ಹುಡುಗಿ, 20 ದಾಟಿರಲಿಕ್ಕಿಲ್ಲ. ಸೆರಗಿನೊಳಗೆ 11 ತಿಂಗಳ ಮಗು. ಲೈಟಿನ ಕೆಳಗೆ ಅಂಗಿ ಎತ್ತಿ ನೋಡಿದೆ. ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ತುಟಿಯ ಸುತ್ತ ನೀಲಿ. ಅಳುವ ಶಕ್ತಿಯೂ ಇರಲಿಲ್ಲ. ಆಕ್ಸಿಜನ್ ಹಾಕಿದೆವು, ಇಂಜೆಕ್ಷನ್ ಶುರು ಮಾಡಿದೆವು. ಬೆಳಗಾಗುವ ಹೊತ್ತಿಗೆ ಮಗು ಎದೆಹಾಲು ಎಳೆಯಿತು. ಆವತ್ತು ನಾನು ಬರೆದ ಸಾಲು: ‘ನ್ಯುಮೋನಿಯಾ, ಎಸ್‌ಟಿ’.

ಮೂರನೇ ದಿನ ತಾಯಿ ಹೇಳದೆ ಹೊರಟುಹೋದಳು. ಇನ್ನೂ ಎರಡು ದಿನದ ಇಂಜೆಕ್ಷನ್ ಬಾಕಿ ಇತ್ತು. ‘ಡಾಕ್ಟರ್ ಮಾತು ಮೀರಿ ಹೋದರು’ ಅಂತ ಬರೆದೆವು.

18 ದಿನಕ್ಕೆ ಮತ್ತೆ ಬಂದಳು. ಅದೇ ಮಗು, ಈ ಸಲ ವಾಂತಿ ಭೇದಿ. ಕಣ್ಣು ಗುಳಿ ಬಿದ್ದಿತ್ತು. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಹಾಗೇ ನಿಲ್ಲುತ್ತಿತ್ತು. ಹೊಸ ಐಪಿ ನಂಬರ್, ಹೊಸ ಸಾಲು. ತಿಂಗಳ ಕೊನೆಗೆ ವರದಿ ಕಳಿಸುವಾಗ ಒಂದು ನ್ಯುಮೋನಿಯಾ, ಒಂದು ಭೇದಿ ಅಂತ ಹೋಯಿತು. ಎರಡೂ ಒಂದೇ ಮಗು, ಒಂದೇ ಹಾಡಿ, ಒಂದೇ ಸೋರುವ ಗುಡಿಸಲು ಅಂತ ಆ ವರದಿ ಓದಿದ ಯಾರಿಗೆ ಗೊತ್ತಾಗಬೇಕು? ಎರಡನೇ ಸಲ ಮಗುವನ್ನು ಜಿಲ್ಲಾ ಆಸ್ಪತ್ರೆಗೆ ಕಳಿಸಿದೆವು. ಕೊನೆಯ ಕಾಲಂನಲ್ಲಿ ‘ರೆಫರ್’ ಅಂತ ಇದೆ. ಮುಂದೇನಾಯಿತು ಅಂತ ನನ್ನ ಪುಸ್ತಕದಲ್ಲಿ ಇಲ್ಲ.

ಸ್ವಾಮಿ, ನನ್ನ ಕೇಳಿಕೆ ಇಷ್ಟೇ. ‘ಎಸ್‌ಟಿ’ ಅನ್ನುವ ಆ ಬೆರಳಗಲದ ಕಾಲಂ ಬಿಚ್ಚಿ. ಯಾವ ಸಮುದಾಯ, ಯಾವ ಹಾಡಿ, ಯಾವ ಸೋಂಕು, ಎಷ್ಟು ಸಲ ಅಂತ ಬರೆಸಿ. ತಾಲ್ಲೂಕುವಾರು ಲೆಕ್ಕ ಮಾಡಿ ಪ್ರತಿ ವರ್ಷ ಜನರ ಮುಂದೆ ಇಡಿ.

ಯಾಕೆ ಅಂತ ಕೇಳಿದರೆ ಮೊದಲು ಜನಗಣತಿ ನೋಡೋಣ. 2011ರಲ್ಲಿ ನಮ್ಮ ರಾಜ್ಯದ ಪರಿಶಿಷ್ಟ ಪಂಗಡದವರು ಸುಮಾರು 42.5 ಲಕ್ಷ. ಅದರಲ್ಲಿ ನಾಯಕ ಸಮುದಾಯದವರೇ ಹೆಚ್ಚುಕಡಿಮೆ 33 ಲಕ್ಷ. ಅಂದರೆ ನಾಲ್ಕರಲ್ಲಿ ಮೂರು ಪಾಲಿಗೂ ಜಾಸ್ತಿ. ಜೇನುಕುರುಬರು ಸುಮಾರು 36 ಸಾವಿರ. ಸೋಲಿಗರು 34 ಸಾವಿರದ ಹತ್ತಿರ. ಕೊರಗರು 15 ಸಾವಿರದ ಒಳಗೆ. ಈ ಎಲ್ಲರನ್ನೂ ಒಂದೇ ಪಾತ್ರೆಗೆ ಹಾಕಿ ಕಲಕಿ ಸರಾಸರಿ ತೆಗೆದರೆ ಏನು ಸಿಗುತ್ತದೆ? ರಾಯಚೂರು, ಬಳ್ಳಾರಿ, ಚಿತ್ರದುರ್ಗದ ಬಯಲಿನ ಊರುಗಳ ಕಷ್ಟ ಸಿಗುತ್ತದೆ. ಅದು ಸಣ್ಣ ಕಷ್ಟ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಬಡ ನಾಯಕರ ಮನೆಯ ಮಗುವಿಗೂ ಜ್ವರ ಬರುತ್ತದೆ, ಅದಕ್ಕೂ ಬೆಡ್ ಬೇಕು. ಆದರೆ ಆ ಸರಾಸರಿಯಲ್ಲಿ ಕಾಕನಕೋಟೆಯ ಕಡೆಯ ಹಾಡಿಯಾಗಲಿ, ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡಾಗಲಿ, ಕರಾವಳಿಯ ಕೊರಗರ ಕೊಪ್ಪವಾಗಲಿ ಕಾಣಿಸುವುದೇ ಇಲ್ಲ. ಹಿಡಿ ಉಪ್ಪು ಕೆರೆಗೆ ಹಾಕಿದ ಹಾಗೆ.

ಒಂದೊಂದು ಕಡೆ ಒಂದೊಂದು ಸೋಂಕು, ಅದಕ್ಕೆ ಒಂದೊಂದು ಕಾರಣ. ಮಲೆನಾಡಿನಲ್ಲಿ ಡಿಸೆಂಬರ್ ಬಂತು ಅಂದರೆ ಉಣುಗಿನ ಭಯ, ಮಂಗನ ಕಾಯಿಲೆ. ಕರಾವಳಿಯಲ್ಲಿ ಮಳೆಗಾಲಕ್ಕೆ ಇಲಿಜ್ವರ. ಕೊಡಗಿನ ಕಾಫಿ ತೋಟದ ಲೈನ್ ಮನೆಗಳಲ್ಲಿ ಎರವರು, ಪಣಿಯರು, ಜೇನುಕುರುಬರು ಒಂದೇ ಕೋಣೆಯಲ್ಲಿ ಆರೇಳು ಜನ ಮಲಗುವುದನ್ನು ನಾನು ನೋಡಿದ್ದೇನೆ. ಕಿಟಕಿ ಇಲ್ಲ, ಒಳಗೇ ಒಲೆ. ಅಲ್ಲಿ ಒಬ್ಬರಿಗೆ ಕ್ಷಯ ಬಂದರೆ ಉಳಿದವರ ಗತಿ ಏನು ಹೇಳಿ. ನಮ್ಮ ವಾರ್ಡಿಗೆ ಬರುತ್ತಿದ್ದ ಹಾಡಿಯ ಮಕ್ಕಳಲ್ಲಿ ಪಕ್ಕೆ ಸೆಳೆತ ಜಾಸ್ತಿ, ಕಜ್ಜಿ ಕೆರೆದು ಕೀವಾಗಿ ಮೈ ಊದಿಕೊಂಡು ಬರುವುದು ಜಾಸ್ತಿ. ಕಜ್ಜಿ ಅಂದರೆ ಜನ ಮುಖ ತಿರುಗಿಸುತ್ತಾರೆ. ಅದರ ಕೀವಿನಿಂದ ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು ಅನ್ನುವುದು ಎಷ್ಟು ಜನಕ್ಕೆ ಗೊತ್ತು? ದಿನಾ ಒಂದು ಬಿಂದಿಗೆ ನೀರು ಜಾಸ್ತಿ ಸಿಕ್ಕಿದ್ದರೆ ಇಂಥ ಎಷ್ಟೋ ಮಕ್ಕಳು ಆಸ್ಪತ್ರೆ ಮೆಟ್ಟಿಲು ಹತ್ತುತ್ತಿರಲಿಲ್ಲ.

ನೀರಿನ ಮಾತು ಬಂತಲ್ಲ, ಇಲ್ಲಿ ದೂರದ ಒಂದು ನಾಡಿನ ವಿಷಯ ಹೇಳಬೇಕು. ಅಮೆರಿಕದ ಅಲಾಸ್ಕಾ. ಅಲ್ಲಿಯೂ ಮೂಲನಿವಾಸಿಗಳಿದ್ದಾರೆ. ಯೂಪಿಕ್, ಇನುಪಿಯಾಕ್, ಅಥಬಾಸ್ಕನ್, ಇನ್ನೂ ಹಲವರು. ಅವರನ್ನೂ ಸರ್ಕಾರಿ ಕಾಗದದಲ್ಲಿ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಆದರೆ ಅಲ್ಲಿನವರು ಆಸ್ಪತ್ರೆಗೆ ಸೇರಿದವರ ಲೆಕ್ಕವನ್ನು ಪ್ರದೇಶವಾರು ಬಿಡಿಸಿ ನೋಡಿದರು. ಯಾವ ಪ್ರದೇಶದಲ್ಲಿ ಎಷ್ಟು ಮನೆಗೆ ನಲ್ಲಿ ನೀರು ಇದೆ ಅನ್ನುವುದನ್ನು ಪಕ್ಕದಲ್ಲಿ ಇಟ್ಟರು. 2008ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ನಲ್ಲಿ ಕಡಿಮೆ ಇರುವ ಪ್ರದೇಶಗಳಲ್ಲಿ ನ್ಯುಮೋನಿಯಾ ಮತ್ತು ಫ್ಲೂ ಬಂದು ಆಸ್ಪತ್ರೆ ಸೇರುವವರು ಎರಡೂವರೆ ಪಟ್ಟು. ಚರ್ಮದ ಸೋಂಕಿಗೆ ಸೇರುವವರು ಹೆಚ್ಚುಕಡಿಮೆ ಎರಡು ಪಟ್ಟು. ಆರ್‌ಎಸ್‌ವಿ ಅಂತ ಮಕ್ಕಳ ಎದೆ ಕಟ್ಟುವ ವೈರಸ್ ಇದೆ, ಅದರಿಂದ ಸೇರುವ 5 ವರ್ಷದೊಳಗಿನ ಮಕ್ಕಳು 3.4 ಪಟ್ಟು.

ನಾನು ಇದನ್ನು ಎರಡು ಸಲ ಓದಿದೆ. ನ್ಯುಮೋನಿಯಾ! ನಾವು ನೀರು ಅಂದರೆ ಭೇದಿ, ಕಾಮಾಲೆ, ಟೈಫಾಯ್ಡ್ ಅಂತಲೇ ಪಾಠ ಕಲಿತವರು. ಎದೆಯ ಸೋಂಕಿಗೂ ನೀರಿಗೂ ಏನು ಸಂಬಂಧ ಅಂತ ಅನ್ನಿಸುತ್ತದೆ ಅಲ್ವಾ? ಸಂಬಂಧ ಕೈಯಲ್ಲಿದೆ. ನದಿಯಿಂದಲೋ ಮಂಜುಗಡ್ಡೆ ಕರಗಿಸಿಯೋ ತಂದ ನೀರನ್ನು ಹನಿ ಹನಿ ಲೆಕ್ಕ ಹಾಕಿ ಬಳಸುವ ಮನೆಯಲ್ಲಿ ಒಂದೇ ಬೋಗುಣಿಯ ನೀರಿನಲ್ಲಿ ಎಲ್ಲರೂ ಕೈ ಅದ್ದುತ್ತಾರೆ. ಶೀತ ಆದವರ ಮೂಗು ಒರೆಸಿದ ಕೈಯೇ ಮಗುವನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಪಶ್ಚಿಮ ಅಲಾಸ್ಕಾದ 4 ಹಳ್ಳಿಗಳಿಗೆ ಪೈಪ್ ನೀರು ಬಂತು. ಬರುವ ಮುಂಚೆ ಎಷ್ಟು, ಬಂದ ಮೇಲೆ ಎಷ್ಟು ಅಂತ ಅಲ್ಲಿ ಮತ್ತೆ ಲೆಕ್ಕ ಹಾಕಿದರು. ಉಸಿರಾಟದ ಸೋಂಕು 16 ಪರ್ಸೆಂಟ್ ಇಳಿದಿತ್ತು. ಚರ್ಮದ್ದು 20. ಹೊಟ್ಟೆಯದ್ದು 38. ನಲ್ಲಿ ಕೂಡ ಔಷಧಿ ಅಂತ ಅವರಿಗೆ ಗೊತ್ತಾದದ್ದು ಊರೂರು ಬಿಡಿಸಿ ಎಣಿಸಿದ್ದರಿಂದ. ಎಲ್ಲ ಮೂಲನಿವಾಸಿಗಳನ್ನು ಒಟ್ಟು ಹಾಕಿ ಒಂದು ಸಂಖ್ಯೆ ಬರೆದಿದ್ದರೆ ಚಳಿ ದೇಶ, ಶೀತ ಜಾಸ್ತಿ ಅಂತ ಹೇಳಿ ಮುಗಿಸುತ್ತಿದ್ದರೇನೋ.

ನಾನು ನಿವೃತ್ತಿಗೆ ಮುಂಚೆ ಲಸಿಕೆ ಕ್ಯಾಂಪಿಗೆ ಒಂದು ಹಾಡಿಗೆ ಹೋಗಿದ್ದೆ. ಪ್ರತಿ ಮನೆ ಮುಂದೆ ಹೊಸ ನಲ್ಲಿ ನಿಂತಿತ್ತು, ನೀಲಿ ಪೈಪು, ಸಿಮೆಂಟಿನ ಚಿಕ್ಕ ಕಟ್ಟೆ. ಒಂದು ನಲ್ಲಿಯ ಕಂಬಕ್ಕೆ ಆಡು ಕಟ್ಟಿದ್ದರು. ನೀರು ಯಾವಾಗ ಬರುತ್ತೆ ಅಂತ ಕೇಳಿದೆ. ಅಜ್ಜಿ ಕೈ ತೋರಿಸಿದ್ದು ಕೆಳಗಿನ ಹಳ್ಳದ ಕಡೆಗೆ. ಕಾಗದದಲ್ಲಿ ಆ ಹಾಡಿಗೆ ನಲ್ಲಿ ಬಂದಿದೆ. ಆಸ್ಪತ್ರೆಯ ಪುಸ್ತಕದಲ್ಲಿ ಆ ಹಾಡಿಯ ಹೆಸರೇ ಇಲ್ಲ. ಎರಡು ಕಾಗದವನ್ನು ಯಾರು ಯಾವಾಗ ಪಕ್ಕಪಕ್ಕ ಇಟ್ಟು ನೋಡಬೇಕು?

ನಮಗೆ ಎಣಿಸಲು ಬರುವುದಿಲ್ಲ ಅಂತ ಮಾತ್ರ ದಯವಿಟ್ಟು ಹೇಳಬೇಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಆ ಸಾವನ್ನು ಗಮನಿಸಿದ್ದಕ್ಕೇ ಒಂದು ಹೊಸ ವೈರಸ್, ಅದೇ ಮಂಗನ ಕಾಯಿಲೆಯದ್ದು, ಪತ್ತೆ ಆಯಿತು. ಇವತ್ತಿಗೂ ಮಲೆನಾಡಿನಲ್ಲಿ ಮಂಗ ಸತ್ತು ಬಿದ್ದರೆ ಆ ಜಾಗ ಗುರುತು ಹಾಕುತ್ತಾರೆ, ಸುತ್ತ ಪುಡಿ ಹೊಡೆಯುತ್ತಾರೆ, ಉಣುಗು ಹಿಡಿದು ಲ್ಯಾಬಿಗೆ ಕಳಿಸುತ್ತಾರೆ. ಇದು ಒಳ್ಳೆಯ ಕೆಲಸ, ನಡೆಯಲಿ. 2012ರ ಕೊನೆಗೆ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಈ ಕಾಯಿಲೆ ನಮ್ಮ ಕಡೆಗೂ ಬಂದಿದೆ ಅಂತ ತಿಳಿದದ್ದು ಇಂಥ ಕೆಲಸದಿಂದಲೇ. ಅದಾದ ಎರಡು ಮೂರು ವರ್ಷಕ್ಕೆ ಪಕ್ಕದ ವಯನಾಡಿನಲ್ಲಿ ಅದು ಜೋರಾಗಿ ಹಬ್ಬಿದಾಗ ಸಿಕ್ಕಿಬಿದ್ದವರಲ್ಲಿ ಕಾಡಿಗೆ ಹೋಗುವ ಆದಿವಾಸಿಗಳು ತುಂಬಾ ಜನ. ಹಳೆಯ ಲಸಿಕೆ 2022ರಿಂದ ನಿಂತಿದೆ, ಈಗ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚಲು ಎಣ್ಣೆ ಕೊಡುತ್ತಾರೆ. ಮಂಗ ಬಿದ್ದ ಜಾಗವನ್ನು ನಕ್ಷೆಯಲ್ಲಿ ಗುರುತಿಸುವ ಇಲಾಖೆಗೆ, ಪಕ್ಕೆ ಸೆಳೆತದಿಂದ ಬಂದ ಮಗುವಿನ ಹಾಡಿಯ ಹೆಸರು ಬರೆಸುವುದು ಕಷ್ಟವಾ?

ದೆಹಲಿಯವರಿಗೂ ಇದು ಗೊತ್ತಿಲ್ಲದ ವಿಷಯ ಏನಲ್ಲ. ಕೇಂದ್ರ ಸರ್ಕಾರ 2013ರಲ್ಲಿ ಡಾ. ಅಭಯ್ ಬಂಗ್ ಅವರ ಅಧ್ಯಕ್ಷತೆಯಲ್ಲಿ ಬುಡಕಟ್ಟು ಆರೋಗ್ಯದ ಸಮಿತಿ ಮಾಡಿತು. 2018ರಲ್ಲಿ ವರದಿ ಬಂತು. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ 8.6ರಷ್ಟು ಇರುವ ಬುಡಕಟ್ಟು ಜನರಲ್ಲೇ ದೇಶದ ಮಲೇರಿಯಾದ ಶೇ. 30 ಪ್ರಕರಣ, ಮಲೇರಿಯಾ ಸಾವಿನಲ್ಲಿ ಅರ್ಧ. ಕ್ಷಯ ಲಕ್ಷಕ್ಕೆ 703, ಉಳಿದವರಲ್ಲಿ 256. ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಅದೇ ವರದಿ ಇನ್ನೊಂದು ಮಾತನ್ನೂ ಹೇಳಿದೆ. ಬುಡಕಟ್ಟು ಜನರ ಆರೋಗ್ಯದ ಬಗ್ಗೆ ಬಿಡಿಸಿದ ಅಂಕಿಅಂಶ ಈ ದೇಶದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ ಅಂತ. ಆ 703 ಅನ್ನುವುದು ಇಡೀ ದೇಶದ ಸಂಖ್ಯೆ. ಹುಣಸೂರಿನ ಹಾಡಿಯ ಆಶಾ ಕಾರ್ಯಕರ್ತೆಗೆ ಅದರಿಂದ ಏನು ಮಾಡಲು ಆಗುತ್ತದೆ?

ಈಗ ಒಂದು ಎಚ್ಚರಿಕೆ ಹೇಳಬೇಕು. ಇದನ್ನು ಅಂಕಿ ನೋಡುವ ಅಧಿಕಾರಿಗಳು ಗಮನ ಇಟ್ಟು ಓದಬೇಕು. ನಾಳೆ ಲೆಕ್ಕ ಬಿಡಿಸಿದಾಗ ಕೆಲವು ಹಾಡಿಗಳಿಂದ ಆಸ್ಪತ್ರೆ ಸೇರಿದವರು ತೀರಾ ಕಡಿಮೆ ಕಾಣಿಸುತ್ತಾರೆ. ಅಲ್ಲಿ ಎಲ್ಲ ಚೆನ್ನಾಗಿದೆ ಅಂತ ಅಂದುಕೊಳ್ಳಬೇಡಿ. ನಮ್ಮ ಆಸ್ಪತ್ರೆಗೆ 6 ಕಿಲೋಮೀಟರ್ ದೂರದ ಹಾಡಿಯಿಂದ ವಾರಕ್ಕೆ ಒಬ್ಬರಾದರೂ ಅಡ್ಮಿಟ್ ಆಗುತ್ತಿದ್ದರು. ಕಾಡಿನೊಳಗಿನ, 30 ಕಿಲೋಮೀಟರ್ ಆಚೆಯ ಹಾಡಿಯಿಂದ ವರ್ಷಕ್ಕೆ ನಾಲ್ಕೈದು ಹೆಸರು. ಅವರಿಗೆ ಕಾಯಿಲೆ ಬರಲ್ವಾ? ಸಂಜೆ ಆದ ಮೇಲೆ ಕಾಡಿನ ಗೇಟ್ ಮುಚ್ಚುತ್ತದೆ. ಆಂಬುಲೆನ್ಸ್‌ಗೆ ಬಿಡುತ್ತಾರೆ, ಸರಿ. ಆದರೆ 108ಕ್ಕೆ ಫೋನ್ ಮಾಡಲು ಮೊದಲು ಸಿಗ್ನಲ್ ಸಿಗಬೇಕು, ಮರ ಹತ್ತಬೇಕು, ಗುಡ್ಡ ಹತ್ತಬೇಕು. ರಾತ್ರಿ ಆನೆ. ಮಹದೇಶ್ವರ ಬೆಟ್ಟದ ಕಡೆ ಕಾಡೊಳಗಿನ ಊರುಗಳಿಂದ ರೋಗಿಗಳನ್ನು ಡೋಲಿ ಕಟ್ಟಿ ಹೊತ್ತು ತರುವುದನ್ನು ಪತ್ರಿಕೆಗಳಲ್ಲಿ ನೀವೂ ನೋಡಿದ್ದೀರಿ. ಹಾಗಾಗಿ ದೂರದ ಹಾಡಿಯ ಸಣ್ಣ ಸಂಖ್ಯೆ ನೋಡಿದಾಗ ನನಗೆ ಹೆದರಿಕೆಯೇ ಆಗುತ್ತದೆ. ಹಾಡಿಯಲ್ಲೇ ಆದ ಸಾವುಗಳನ್ನೂ ಎಣಿಸಿ. ಯಾವ ಜ್ವರ, ಎಷ್ಟು ದಿನ, ಯಾಕೆ ಬರಲು ಆಗಲಿಲ್ಲ ಅಂತ ಮನೆಯವರ ಪಕ್ಕ ಕೂತು ಕೇಳಿ ಬರೆಸಿ. ಆಗ ಮಾತ್ರ ಆಸ್ಪತ್ರೆಯ ಲೆಕ್ಕಕ್ಕೆ ಅರ್ಥ ಬರುತ್ತದೆ.

ಬಂದವರು ಯಾಕೆ ಅರ್ಧಕ್ಕೇ ಹೋಗುತ್ತಾರೆ ಅನ್ನುವುದೂ ಅಷ್ಟೇ ಮುಖ್ಯ. ‘ಹಾಡಿಯವರು ಓಡಿ ಹೋಗ್ತಾರೆ ಬಿಡಿ’ ಅನ್ನುವ ಮಾತು ಪ್ರತಿ ಆಸ್ಪತ್ರೆಯಲ್ಲೂ ಇದೆ. ನಾನೂ ಆಡಿದ್ದೇನೆ. ಆ ಹುಡುಗಿ ಎರಡನೇ ಸಲ ಬಂದಾಗ ಪಕ್ಕದಲ್ಲಿ ಕೂತು ಕೇಳಿದೆ, ಅವತ್ತು ಯಾಕಮ್ಮಾ ಹೋದೆ ಅಂತ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದಳು. ಮನೆಯಲ್ಲಿ ಮೂರು ವರ್ಷದ ಇನ್ನೊಂದು ಮಗು ಇತ್ತು. ಗಂಡ ಕೊಡಗಿಗೆ ತೋಟದ ಕೆಲಸಕ್ಕೆ ಹೋಗಿದ್ದ. ವಾರ್ಡಿನಲ್ಲಿ ಊಟ ರೋಗಿಗೆ ಮಾತ್ರ. ರೋಗಿ ಎದೆಹಾಲು ಕುಡಿಯುವ ಮಗು. ಎರಡು ದಿನ ಅವಳು ಪಕ್ಕದ ಮಂಚದವರು ಕೊಟ್ಟ ಬ್ರೆಡ್ಡು ತಿಂದಿದ್ದಳು. ಮೂರನೇ ದಿನ ಅವರೂ ಡಿಸ್ಚಾರ್ಜ್ ಆದರು.

ನಾನು ಆ ವಾರ್ಡಿನಲ್ಲೇ ಇದ್ದೆ. ನೋಡಿರಲಿಲ್ಲ.

ಇದಕ್ಕೆ ಬೇಕಾದದ್ದು ದೊಡ್ಡ ಯಂತ್ರ ಅಲ್ಲ. ಜೊತೆಗೆ ಬಂದವರಿಗೂ ಎರಡು ಹೊತ್ತು ಊಟ, ವಾಪಸ್ ಹೋಗಲು ಬಸ್ ಚಾರ್ಜು, ಕಳೆದುಹೋದ ಕೂಲಿಗೆ ಒಂದಿಷ್ಟು ದುಡ್ಡು. ಕಾಡಂಚಿನ ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಾಡಿಯವರೇ ಆದ, ಅವರ ಮಾತು ಬಲ್ಲ ಒಬ್ಬ ಹೆಣ್ಣುಮಗಳಿಗೆ ಸಂಬಳದ ಕೆಲಸ. ಸತ್ತರೆ ಹೆಣ ಊರಿಗೆ ಸಾಗಿಸಲು ಗಾಡಿ ಸಿಗುತ್ತದೆ ಅನ್ನುವ ಭರವಸೆಯೂ ಬೇಕು. ಅದಿಲ್ಲದ್ದಕ್ಕೇ ಸೀರಿಯಸ್ ಆದವರನ್ನು ಮನೆಯವರು ಹೊತ್ತುಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಡಾ. ಸುದರ್ಶನ್ ಅವರು 1980ರ ದಶಕದಿಂದ ಬಿಳಿಗಿರಿರಂಗನ ಬೆಟ್ಟದಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್‌ನವರು ಸರಗೂರಿನಲ್ಲಿ ಆಸ್ಪತ್ರೆ ನಡೆಸಿ ಜನರ ನಂಬಿಕೆ ಗಳಿಸಿದ್ದಾರೆ. ನಂಬಿಕೆ ಇರುವ ಕಡೆ ಸೋಲಿಗರು, ಜೇನುಕುರುಬರು ಬಂದೇ ಬರುತ್ತಾರೆ. ಆದ್ದರಿಂದ ಮೂಢನಂಬಿಕೆ ಅನ್ನುವ ಹಳೆಯ ರಾಗ ಸಾಕು.

ಇನ್ನೊಂದು ಅಂಶ. ತೀರಾ ಹಿಂದುಳಿದ ಬುಡಕಟ್ಟುಗಳಿಗೆ ಅಂತ ಕೇಂದ್ರ ಸರ್ಕಾರ 2023ರಲ್ಲಿ ಶುರು ಮಾಡಿದ ಪಿಎಂ-ಜನಮನ್ ಯೋಜನೆಯಲ್ಲಿ ನಮ್ಮ ರಾಜ್ಯದಿಂದ ಜೇನುಕುರುಬರು, ಕೊರಗರು ಇದ್ದಾರೆ. ಮನೆ, ರಸ್ತೆ, ನೀರು, ಸಂಚಾರಿ ವೈದ್ಯಕೀಯ ಘಟಕ ಎಲ್ಲ ಅದರಲ್ಲಿ ಬರುತ್ತದೆ. ಸಂತೋಷ. ಆದರೆ ಸೋಲಿಗರು, ಎರವರು, ಹಸಲರು, ಸಿದ್ದಿಗಳು ಆ ಪಟ್ಟಿಯಲ್ಲಿ ಇಲ್ಲ. ಅವರಲ್ಲಿ ಯಾರ ಮಕ್ಕಳು ಯಾವ ಸೋಂಕಿಗೆ ಜಾಸ್ತಿ ಸಿಗುತ್ತಿದ್ದಾರೆ ಅಂತ ನಮ್ಮ ಹತ್ತಿರ ಲೆಕ್ಕ ಇಲ್ಲದಿದ್ದರೆ ಅವರಿಗಾಗಿ ದೆಹಲಿಯಲ್ಲಿ ಏನು ಇಟ್ಟುಕೊಂಡು ಕೇಳುತ್ತೀರಿ?

ಎಣಿಸುವ ರೀತಿ ಬಗ್ಗೆಯೂ ಒಂದು ಮಾತು. ಯಾವ ಹಾಡಿಗೂ ರೋಗದ ಹಣೆಪಟ್ಟಿ ಬೀಳಬಾರದು. ಶಾಲೆಯಲ್ಲಿ ಆ ಮಕ್ಕಳನ್ನು ದೂರ ಕೂರಿಸುವುದನ್ನು ಕಂಡಿದ್ದೇವೆ, ಅದಕ್ಕೆ ನಮ್ಮ ಲೆಕ್ಕ ಇನ್ನೊಂದು ನೆಪ ಆಗಬಾರದು. ರೋಗಿಯ ಹೆಸರು ಹೊರಗೆ ಬರಬಾರದು. ಸಮುದಾಯ ಯಾವುದು ಅಂತ ಅವರೇ ಹೇಳಲಿ, ನಾವು ಮುಖ ನೋಡಿ ಬರೆಯುವುದು ಬೇಡ. ಲೆಕ್ಕ ಮೊದಲು ಹಾಡಿಯವರ ಮುಂದೆ, ಗ್ರಾಮಸಭೆಯಲ್ಲಿ ಓದಲಿ. ಕಾರಣ ಏನು ಅಂತ ನಮ್ಮೆಲ್ಲರಿಗಿಂತ ಬೇಗ ಅವರು ಹೇಳುತ್ತಾರೆ. ಕಬಿನಿ ಅಣೆಕಟ್ಟು ಬಂದಾಗ, ನಾಗರಹೊಳೆ ಕಾಡಿನಿಂದ ಎಬ್ಬಿಸಿದಾಗ ಯಾವ ಕುಟುಂಬ ಎಲ್ಲಿ ಹೋಗಿ ಬಿತ್ತು, ಆಮೇಲೆ ಗೆಡ್ಡೆ, ಜೇನು, ಸೊಪ್ಪು ಹೋಗಿ ರೇಷನ್ ಅಕ್ಕಿ ಮಾತ್ರ ಉಳಿದಾಗ ಮಕ್ಕಳ ಮೈ ಹೇಗಾಯಿತು ಅಂತ ಅವರಿಗೆ ನೆನಪಿದೆ. ಮೈಯಲ್ಲಿ ಕಸುವಿಲ್ಲದ ಮಗುವಿಗೆ ಸಾಮಾನ್ಯ ಶೀತವೂ ಎದೆಗೆ ಇಳಿಯುತ್ತದೆ.

ನಮ್ಮ ಆಸ್ಪತ್ರೆಯ ಹಳೆಯ ರಿಜಿಸ್ಟರ್‌ಗಳು ಈಗಲೂ ರೆಕಾರ್ಡ್ ರೂಮಿನಲ್ಲಿ ಗೋಣಿಚೀಲದಲ್ಲಿ ಇವೆ. ಕೆಲವಕ್ಕೆ ಗೆದ್ದಲು ಹಿಡಿದಿದೆ, ಹೆಚ್ಚಿನವು ಓದಲು ಬರುತ್ತವೆ. ಅದರಲ್ಲಿ ತುಂಬಾ ಸಾಲುಗಳು ನನ್ನ ಕೈಬರಹ. ಪಂಚಾಯ್ತಿ ಊರಿನ ಹೆಸರು ಹಾಕಿದ್ದರೂ, ತಂದೆ ತಾಯಿಯ ಹೆಸರು ನೋಡಿದರೆ ಯಾವ ಹಾಡಿ ಅಂತ ನನಗೆ ಬಹುಪಾಲು ಹೇಳಲು ಆಗುತ್ತದೆ. ಗೊತ್ತಾಗದ್ದನ್ನು ಹೇಳಲು ಹಾಡಿಯಲ್ಲಿ ಹಿರಿಯ ಹೆಂಗಸರಿದ್ದಾರೆ, ಒಬ್ಬರು ಬರಲು ಒಪ್ಪಿದ್ದಾರೆ. ನೀವು ಒಂದು ಆದೇಶ ಕಳಿಸಿ, ಒಂದು ಮೇಜು ಕೊಡಿ. ಅವರಿಗೆ ದಿನದ ಕೂಲಿ ಕೊಡಿ, ನನಗೆ ಬೇಡ. ಬೆಳಿಗ್ಗೆ 10ಕ್ಕೆ ಬಂದು ಕೂರುತ್ತೇವೆ. ಆ ಮಗು ಬಂದ ವರ್ಷದ ಪುಸ್ತಕದಿಂದ ಶುರು ಮಾಡುತ್ತೇವೆ.

ಇಂತಿ,
ಕಾಡಂಚಿನ ಒಬ್ಬ ನಿವೃತ್ತ ನರ್ಸ್